ಎಲ್ಲ ನ್ಯೂಟ್ರಾನ್ ಸೆರೆ ದರಗಳನ್ನೂ 10 ಪಟ್ಟು ಏರಿಳಿಸಿದರೆ ಆರ್-ಪ್ರಕ್ರಿಯೆ (ನ್ಯೂಕ್ಲಿಯಸ್‌ಗಳು ನ್ಯೂಟ್ರಾನ್‌ಗಳನ್ನು ಬೇಗಬೇಗ ಸೆರೆಹಿಡಿದು ಭಾರವಾದ ಧಾತುಗಳಾಗುವ ಕ್ರಿಯೆ) ಮಾದರಿಯ ಅನಿಶ್ಚಿತತೆ ಸಿಗುತ್ತದೆಯೇ?

ಸಿಗುವುದಿಲ್ಲ. ಇದನ್ನೇ ಮಾಡಿ ನಾಲ್ಕು ತಿಂಗಳ ಲೆಕ್ಕಾಚಾರವನ್ನು ನಾನು ಎಸೆಯಬೇಕಾಯಿತು.

ನ್ಯೂಕ್ಲಿಯರ್ ಕ್ರಿಯೆಗಳ ದರಗಳ ಭಂಡಾರವಾದ ರಿಯಾಕ್ಲಿಬ್‌ನ ಕಡತದಲ್ಲಿ ಪ್ರತಿ ದರದ ಲಾಗರಿದಮ್ ಕೊಡುವ ಗುಣಾಂಕಗಳಿರುತ್ತವೆ; ಪ್ರತಿ ಸೆರೆ ದರದ ಮೊದಲ ಗುಣಾಂಕ ಎ0ಗೆ ನಾನು 2.303 ಕೂಡಿಸಿದೆ. ಅದು 10ರ ಸ್ವಾಭಾವಿಕ ಲಾಗರಿದಮ್. ದರ ಹತ್ತು ಪಟ್ಟಾಗುತ್ತದೆ. ಹಿಮ್ಮುಖ ದರಕ್ಕೆ ಮಾತ್ರ ಕೂಡಿಸಲಿಲ್ಲ. ಗಾಮಾ ಕಿರಣ ಬಡಿದು ನ್ಯೂಟ್ರಾನ್ ಕಳಚಿಹೋಗುವ ಆ ದರ ಅದೇ ಕಡತದಲ್ಲಿ ಬೇರೆ ನಮೂದಾಗಿ ಇರುತ್ತದೆ. ತಲೆಸಾಲಿನಲ್ಲಿ, ಮೂಲದ ಸಂಕೇತದ ನಂತರ, 'ವಿ' ಎಂಬ ಒಂದೇ ಅಕ್ಷರ ಅದರ ಗುರುತು.

ಬಿಸಿ ಪದಾರ್ಥದಲ್ಲಿ ಸೆರೆಯೂ ಕಳಚುವಿಕೆಯೂ ಸಮತೋಲನದಲ್ಲಿದ್ದಾಗ ಅಕ್ಕಪಕ್ಕದ ಐಸೊಟೋಪುಗಳ ಪ್ರಮಾಣವನ್ನು ನಿರ್ಧರಿಸುವುದು ಈ ಎರಡು ದರಗಳ ಅನುಪಾತ. ಆ ಅನುಪಾತ ನ್ಯೂಟ್ರಾನ್ ಬೇರ್ಪಡಿಕೆ ಶಕ್ತಿಗೆ, ಅಂದರೆ ಒಂದು ನ್ಯೂಟ್ರಾನ್ ಕಳಚಲು ಬೇಕಾದ, ದ್ರವ್ಯರಾಶಿಗಳ ವ್ಯತ್ಯಾಸದಿಂದ ಸಿಗುವ ಶಕ್ತಿಗೆ ಕಟ್ಟುಬಿದ್ದದ್ದು. ಸೆರೆಯನ್ನಷ್ಟೇ ಹತ್ತು ಪಟ್ಟು ಮಾಡಿದರೆ, 100 ಕೋಟಿ ಕೆಲ್ವಿನ್‌ನಲ್ಲಿ ಬೇರ್ಪಡಿಕೆ ಶಕ್ತಿಯನ್ನು 0.2 ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಒಂದು ಎಂಇವಿ) ಹೆಚ್ಚಿಸಿದ ಹಾಗೆ. ಸೆರೆ ದರದ ಅನಿಶ್ಚಿತತೆಯೆಂದು ನಾನು ನಕ್ಷೆಯಲ್ಲಿ ತೋರಿಸಿದ ಅಗಲವೆಲ್ಲ, ಗೊತ್ತಿಲ್ಲದೆ ಬದಲಿಸಿದ ದ್ರವ್ಯರಾಶಿಯಿಂದ ಬಂದದ್ದು. ಎರಡೂ ನಮೂದುಗಳ ಎ0ಗೆ 2.303 ಕೂಡಿಸಬೇಕಿತ್ತು. ಒಂದೇ ಕ್ರಿಯೆಗೆ ಹಲವು ಗುಣಾಂಕ ಗುಂಪುಗಳಿದ್ದರೆ ಪ್ರತಿಯೊಂದಕ್ಕೂ. ಹಿಮ್ಮುಖ ದರವನ್ನು ಪಾರ್ಟಿಷನ್ ಫಂಕ್ಷನ್ (ಬಿಸಿಯಲ್ಲಿ ನ್ಯೂಕ್ಲಿಯಸ್ ಇರಬಹುದಾದ ಶಕ್ತಿಸ್ಥಿತಿಗಳ ಲೆಕ್ಕ) ಅನುಪಾತದಿಂದ ಗುಣಿಸುವುದನ್ನೂ ಮರೆಯಬೇಡಿ.

ಆದರೆ ಸೆರೆ ದರದಿಂದಲೇ ಶುರುಮಾಡುವುದು ತಪ್ಪು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಮತೋಲನ ಇರುವವರೆಗೆ ಅದರಿಂದ ಆಗುವ ವ್ಯತ್ಯಾಸ ತೀರಾ ಕಡಿಮೆ. ತಣಿದು ಸಮತೋಲನ ಮುರಿದ ಮೇಲೆ, ವಿರಳ ಭಸ್ಮ ಧಾತುಗಳ ಶಿಖರ (ದ್ರವ್ಯರಾಶಿ ಸಂಖ್ಯೆ 160ರ ಸುತ್ತ) ರೂಪುಗೊಳ್ಳುವಾಗ ಅದರ ಪ್ರಭಾವ ಕಾಣುತ್ತದೆ. ಮೊದಲು ದ್ರವ್ಯರಾಶಿಯನ್ನು ಏರಿಳಿಸಿ. ನ್ಯೂಕ್ಲಿಯಸ್‌ಗಳ ದ್ರವ್ಯರಾಶಿಯನ್ನು ಲೆಕ್ಕಹಾಕುವ ಎಫ್‌ಆರ್‌ಡಿಎಂ 2012 ಮಾದರಿ ಅಳತೆಯಾದ ದ್ರವ್ಯರಾಶಿಗಳಿಂದ ಸರಾಸರಿ 0.56 ಎಂಇವಿಯಷ್ಟು ತಪ್ಪುತ್ತದೆ. ಬೇರ್ಪಡಿಕೆ ಶಕ್ತಿ 0.5 ಎಂಇವಿ ಏರಿದರೆ ಹಿಮ್ಮುಖ ದರದ ಎರಡನೇ ಗುಣಾಂಕ ಎ1ರಿಂದ (ಇದನ್ನು 100 ಕೋಟಿ ಕೆಲ್ವಿನ್‌ಗಳಲ್ಲಿ ಅಳೆದ ತಾಪದಿಂದ ಭಾಗಿಸುತ್ತಾರೆ) 5.80 ಕಳೆಯಬೇಕು, 100 ಕೋಟಿ ಕೆಲ್ವಿನ್‌ನಲ್ಲಿ ಆ ದರ ಸುಮಾರು 330 ಪಟ್ಟು ಕುಸಿಯುತ್ತದೆ. ಅದೇ ದ್ರವ್ಯರಾಶಿಯಿಂದ ಬೀಟಾ ಕ್ಷಯದ ಶಕ್ತಿಯನ್ನೂ ಹೊಸದಾಗಿ ಲೆಕ್ಕಹಾಕಿ. ಕ್ಷಯದರ ಸುಮಾರಾಗಿ ಶಕ್ತಿಯ ಐದನೇ ಘಾತದಂತೆ ಏರುವುದರಿಂದ, 10 ಎಂಇವಿ 10.5 ಆದರೆ ದರ ಶೇ. 28ರಷ್ಟು ಹೆಚ್ಚುತ್ತದೆ.

ಅಳತೆಯಾಗಿರುವುದನ್ನು ಅಳತೆಯ ದೋಷದ ಮಿತಿಯೊಳಗೆ ಮಾತ್ರ ಏರಿಳಿಸಿ. ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯಲ್ಲಿ ರುಬಿಡಿಯಂನಿಂದ ತವರದವರೆಗಿನ 110 ನ್ಯೂಕ್ಲಿಯಸ್‌ಗಳ ಅರ್ಧಾಯುಷ್ಯವನ್ನು ಅಳೆದು 2015ರಲ್ಲಿ ಪ್ರಕಟಿಸಿದ್ದಾರೆ. ಅವಕ್ಕೂ 10 ಪಟ್ಟು ಅನಿಶ್ಚಿತತೆ ಹಚ್ಚುವುದು ಆ ಶ್ರಮಕ್ಕೆ ಮಾಡುವ ಅನ್ಯಾಯ.

ದೊಡ್ಡ ಓಟಕ್ಕೆ ಮೊದಲು ಇದನ್ನು ಪರೀಕ್ಷಿಸಿ: ಕ್ಯಾಡ್ಮಿಯಂ ಐಸೊಟೋಪುಗಳನ್ನಷ್ಟೇ ಇಟ್ಟುಕೊಂಡು, ಬೀಟಾ ಕ್ಷಯ ನಿಲ್ಲಿಸಿ, ತಾಪವನ್ನು 200 ಕೋಟಿ ಕೆಲ್ವಿನ್‌ನಲ್ಲೂ ನ್ಯೂಟ್ರಾನ್ ಸಾಂದ್ರತೆಯನ್ನು ಒಂದೇ ಮಟ್ಟದಲ್ಲೂ ಹಿಡಿದಿಟ್ಟು ಸಮತೋಲನಕ್ಕೆ ಬಿಡಿ. ಸೆರೆ ದರಗಳನ್ನು ಹತ್ತು ಪಟ್ಟು ಮಾಡಿ ಮತ್ತೆ ಓಡಿಸಿ. ಕೊನೆಯ ಪ್ರಮಾಣಗಳು ಕದಲಿದರೆ ಹಿಮ್ಮುಖ ದರ ಜೊತೆಗೆ ಬಂದಿಲ್ಲ.