ಓದುಗರ ಪ್ರಶ್ನೆ: ಹೊಸ ಕಂಪನಿಯ ಇಂಗಾಲದ ಲೆಕ್ಕ

ಪ್ರಶ್ನೆ: ನಮ್ಮದು ಮೂರು ವರ್ಷದ ಸಾಫ್ಟ್‌ವೇರ್ ಕಂಪನಿ, 28 ಜನ ಇದ್ದೇವೆ. ನಮ್ಮ ಕಾರ್ಬನ್ ಫುಟ್‌ಪ್ರಿಂಟ್ (ನಮ್ಮ ಕೆಲಸದಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡಿನಂಥ ಅನಿಲಗಳ ಲೆಕ್ಕ) ಎಷ್ಟೆಂದು ಕೇಳಿ ಗ್ರಾಹಕ ಸಂಸ್ಥೆಯೊಂದು ಫಾರಂ ಕಳಿಸಿದೆ. ಸ್ಕೋಪ್ 1, 2, 3 ಎಂದು ಮೂರು ಕಾಲಂ ಇವೆ. ನಮ್ಮಲ್ಲಿ ಕಾರ್ಖಾನೆಯೂ ಇಲ್ಲ, ಚಿಮಣಿಯೂ ಇಲ್ಲ. ಏನೆಂದು ತುಂಬುವುದು?

ಉತ್ತರ: ಈ ಮೂರು ಕಾಲಂ ಬಂದಿರುವುದು ಗ್ರೀನ್‌ಹೌಸ್ ಗ್ಯಾಸ್ ಪ್ರೊಟೊಕಾಲ್ ಎಂಬ ಲೆಕ್ಕಪದ್ಧತಿಯಿಂದ. ಅದರ ಮೊದಲ ಆವೃತ್ತಿ 2001ರದು, ಪರಿಷ್ಕರಿಸಿದ್ದು 2004ರಲ್ಲಿ. ನಿಮ್ಮ ಕೈಕೆಳಗೇ ಉರಿಯುವುದು, ಸೋರುವುದು ಎಲ್ಲ ಸ್ಕೋಪ್ 1: ಜನರೇಟರಿನ ಡೀಸೆಲ್, ಕಂಪನಿ ಕಾರಿನ ಪೆಟ್ರೋಲ್, ಎ.ಸಿ.ಯಿಂದ ಸೋರಿದ ಗ್ಯಾಸ್. ಕೊಂಡ ವಿದ್ಯುತ್ತು ಸ್ಕೋಪ್ 2. ನಿಮಗಾಗಿ ಬೇರೆಯವರ ಜಾಗದಲ್ಲಿ ಆಗುವ ಮಾಲಿನ್ಯ ಸ್ಕೋಪ್ 3. ಇದರಲ್ಲಿ 15 ವಿಭಾಗಗಳಿವೆ. ನಿಮ್ಮಂಥ ಕಂಪನಿಗೆ ಮುಖ್ಯವಾಗುವುದು ಕೊಂಡ ಸರಕು ಮತ್ತು ಸೇವೆ, ಲ್ಯಾಪ್‌ಟಾಪ್‌ನಂಥ ಸಾಧನಗಳು, ಕೆಲಸದ ಪ್ರಯಾಣ, ಸಿಬ್ಬಂದಿ ಮನೆಯಿಂದ ಬಂದುಹೋಗುವುದು. ಚಿಮಣಿ ಇಲ್ಲದ ಕಂಪನಿಯ ಹೊಗೆಯಲ್ಲಿ ಬಹುಪಾಲು ಈ ಮೂರನೇ ಕಾಲಂನಲ್ಲೇ ಇರುತ್ತದೆ.

ಮೊದಲು 12 ತಿಂಗಳ ಅವಧಿ ಗೊತ್ತುಮಾಡಿಕೊಳ್ಳಿ. ಹಣಕಾಸು ವರ್ಷವನ್ನೇ ಹಿಡಿದರೆ ಸುಲಭ, ಬಿಲ್ಲುಗಳು ಹೇಗೂ ಆ ಪ್ರಕಾರವೇ ಫೈಲಾಗಿರುತ್ತವೆ. ಆಮೇಲೆ ಗಡಿ: ಯಾವ ಕಚೇರಿ, ಯಾವ ವಾಹನ ನಡೆಸುವ ಅಧಿಕಾರ ನಿಮ್ಮದೋ ಅದೆಲ್ಲ ಒಳಗೆ. ಇಷ್ಟಾದ ಮೇಲೆ ಒಂದು ಸ್ಪ್ರೆಡ್‌ಶೀಟ್ ಸಾಕು, ದುಬಾರಿ ಸಾಫ್ಟ್‌ವೇರ್ ಮೊದಲ ವರ್ಷಕ್ಕೆ ಬೇಡ. ಅದರಲ್ಲಿ ಆರು ಕಾಲಂ ಇರಲಿ: ಏನು, ಎಷ್ಟು, ಯಾವ ಅಳತೆಯಲ್ಲಿ, ಗುಣಾಂಕ (ಒಂದು ಲೀಟರಿಗೋ ಯೂನಿಟ್ಟಿಗೋ ಎಷ್ಟು ಕೆ.ಜಿ. ಅನಿಲ ಎಂಬ ಅಂಕಿ) ಎಷ್ಟು, ಆ ಗುಣಾಂಕ ಎಲ್ಲಿಯದು ಮತ್ತು ಯಾವ ವರ್ಷದ್ದು, ಇದು ಅಳೆದದ್ದೋ ಅಂದಾಜೋ. ಕೊನೆಯ ಎರಡನ್ನು ಬಿಟ್ಟವರು ಮರುವರ್ಷ ತಮ್ಮ ಲೆಕ್ಕ ತಮಗೇ ಅರ್ಥವಾಗದೆ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ.

ಲೆಕ್ಕ ಬರೀ ಗುಣಾಕಾರ. 900 ಲೀಟರ್ ಡೀಸೆಲ್ ಸುಟ್ಟಿದ್ದರೆ, ಲೀಟರಿಗೆ 2.68 ಕೆ.ಜಿ. ಇಂಗಾಲದ ಡೈಆಕ್ಸೈಡಿನಂತೆ 2,412 ಕೆ.ಜಿ., ಅಂದರೆ 2.4 ಟನ್. ಪೆಟ್ರೋಲಿಗೆ ಲೀಟರಿಗೆ ಸುಮಾರು 2.3 ಕೆ.ಜಿ. ವಿದ್ಯುತ್ತಿಗೆ ಮಾತ್ರ ಎಲ್ಲೆಡೆಗೂ ಒಂದೇ ಗುಣಾಂಕ ಇಲ್ಲ. ಜಲವಿದ್ಯುತ್ತೇ ಹೆಚ್ಚಿರುವ ಗ್ರಿಡ್‌ನಲ್ಲಿ (ವಿದ್ಯುತ್ ಪೂರೈಸುವ ಜಾಲದಲ್ಲಿ) ಯೂನಿಟ್ಟಿಗೆ 0.05 ಕೆ.ಜಿ.ಗಿಂತ ಕಡಿಮೆ ಇರಬಹುದು, ಕಲ್ಲಿದ್ದಲೇ ಹೆಚ್ಚಿರುವಲ್ಲಿ 0.7 ದಾಟಬಹುದು. ಆದ್ದರಿಂದ ನಿಮ್ಮ ಗ್ರಿಡ್‌ಗೆ ಅಧಿಕೃತವಾಗಿ ಪ್ರಕಟವಾದ ಅಂಕಿಯನ್ನೇ ಬಳಸಿ.

ತಪ್ಪು ಆಗುವುದು ಗುಣಾಕಾರದಲ್ಲಲ್ಲ, ಅದಕ್ಕೆ ಮೊದಲು. ವರ್ಷದ ಮೊದಲ ತಿಂಗಳು ಬಂದ ವಿದ್ಯುತ್ ಬಿಲ್ಲು ಹಿಂದಿನ ತಿಂಗಳದ್ದು. ಹನ್ನೊಂದೇ ಬಿಲ್ಲು ಸಿಕ್ಕಿ, ಹನ್ನೆರಡನೆಯದು ಕಾಣೆಯಾಗಿರುತ್ತದೆ. ಒಂದು ಸಾಲು ಕೆ.ಜಿ.ಯಲ್ಲಿ, ಇನ್ನೊಂದು ಟನ್ನಿನಲ್ಲಿ ಇರುತ್ತದೆ. ಇನ್ನೊಂದು ಮಾತು: ಲೆಕ್ಕ ಹಾಕದ ವಿಭಾಗದ ಮುಂದೆ ಸೊನ್ನೆ ಬರೆಯಬೇಡಿ, ‘ಲೆಕ್ಕ ಹಾಕಿಲ್ಲ’ ಎಂದೇ ಬರೆಯಿರಿ. ಫಾರಂ ನೋಡುವವರು ಮೊದಲು ಅನುಮಾನಿಸುವುದೇ ಆ ಸೊನ್ನೆಯನ್ನು.

ಪ್ರಶ್ನೆ: ಒಂದು ಲೀಟರ್ ಡೀಸೆಲ್ ಒಂದು ಕೆ.ಜಿ.ಯೂ ತೂಗುವುದಿಲ್ಲ. ಅದರಿಂದ ಎರಡೂವರೆ ಕೆ.ಜಿ.ಗೂ ಹೆಚ್ಚು ಅನಿಲ ಹೇಗೆ ಬಂತು?

ಉತ್ತರ: ಹೆಚ್ಚುವರಿ ತೂಕ ಗಾಳಿಯಿಂದ ಬಂದದ್ದು. ಲೀಟರ್ ಡೀಸೆಲ್ ಸುಮಾರು 840 ಗ್ರಾಂ, ಅದರಲ್ಲಿ ಇಂಗಾಲ ಶೇ 86ರಷ್ಟು, ಅಂದರೆ ಸುಮಾರು 720 ಗ್ರಾಂ. ಉರಿಯುವಾಗ ಪ್ರತಿ 12 ಗ್ರಾಂ ಇಂಗಾಲ 32 ಗ್ರಾಂ ಆಮ್ಲಜನಕವನ್ನು ಕೂಡಿಕೊಂಡು 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. 720ನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿ ನೋಡಿ, 2,640 ಬರುತ್ತದೆ. ಡೀಸೆಲ್‌ನ ಸಾಂದ್ರತೆಗೆ ತಕ್ಕಂತೆ ಅಂಕಿ ತುಸು ಅತ್ತಿತ್ತ ಆಗುತ್ತದೆ.

ಪ್ರಶ್ನೆ: ನಮ್ಮದು ಬಾಡಿಗೆ ಕಚೇರಿ. ವಿದ್ಯುತ್ ಖರ್ಚು ಬಾಡಿಗೆಯಲ್ಲೇ ಸೇರಿಹೋಗುತ್ತದೆ, ಬಿಲ್ಲು ಕಣ್ಣಿಗೆ ಬೀಳುವುದಿಲ್ಲ.

ಉತ್ತರ: ನಿಮ್ಮ ಮಹಡಿಗೆ ಸಬ್‌ಮೀಟರ್ ಇದೆಯೇ ಎಂದು ಮೊದಲು ಕಟ್ಟಡದ ಉಸ್ತುವಾರಿಯನ್ನು ಕೇಳಿ. ಎಷ್ಟೋ ಕಟ್ಟಡಗಳಲ್ಲಿ ಇರುತ್ತದೆ, ರೀಡಿಂಗ್ ಬರೆದುಕೊಳ್ಳುವವರು ಇರುವುದಿಲ್ಲ. ತಿಂಗಳ ಒಂದೇ ತಾರೀಖಿಗೆ ಒಂದು ಫೋಟೊ ತೆಗೆದಿಟ್ಟರೆ ಸಾಕು. ಮೀಟರ್ ಇಲ್ಲದಿದ್ದರೆ ಇಡೀ ಕಟ್ಟಡದ ಯೂನಿಟ್ಟುಗಳನ್ನು ವಿಸ್ತೀರ್ಣದ ಪ್ರಕಾರ ಹಂಚಿ. ಭಾಗಿಸುವಾಗ ಬಾಡಿಗೆಗೆ ಹೋಗಿರುವ ಜಾಗವನ್ನಷ್ಟೇ ಹಿಡಿಯಿರಿ. ಮೆಟ್ಟಿಲು, ಮೊಗಸಾಲೆಗಳನ್ನೂ ಸೇರಿಸಿ ಭಾಗಿಸಿದರೆ ಲಿಫ್ಟು, ಪಂಪುಗಳ ಪಾಲು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಚಾವಣಿಯಲ್ಲಿ ಸೋಲಾರ್ ಇದ್ದರೆ ಇನ್ನೊಂದು ಎಡವಟ್ಟು ಆಗುತ್ತದೆ. ಅಲ್ಲೇ ಬಳಸಿದ ಸೋಲಾರ್ ಯೂನಿಟ್ಟು ಗ್ರಿಡ್ ಮೀಟರಿಗೆ ಬಂದೇ ಇಲ್ಲ, ಬಿಲ್ಲಿನಿಂದ ಅದನ್ನು ಮತ್ತೆ ಕಳೆದರೆ ಎರಡು ಸಲ ಕಳೆದಂತೆ. ಹಸಿರು ವಿದ್ಯುತ್ ಪ್ರಮಾಣಪತ್ರ ಕೊಂಡವರು ಎರಡು ಅಂಕಿ ಕೊಡಬೇಕು: ಗ್ರಿಡ್‌ನ ಸರಾಸರಿಯಲ್ಲಿ ಎಷ್ಟು, ಕೊಂಡ ಒಪ್ಪಂದದ ಪ್ರಕಾರ ಎಷ್ಟು. ಪ್ರಮಾಣಪತ್ರದಿಂದ ಎರಡನೆಯದು ಮಾತ್ರ ಇಳಿಯುತ್ತದೆ. ಇಳಿದದ್ದನ್ನಷ್ಟೇ ತೋರಿಸುವ ಕಂಪನಿಗಳೂ ಇವೆ, ನೀವು ಹಾಗೆ ಮಾಡಬೇಡಿ.

ಪ್ರಶ್ನೆ: ಈ ವರ್ಷ ವಿದ್ಯುತ್ ಬಳಕೆ ಇಳಿದರೂ ಒಟ್ಟು ಲೆಕ್ಕ ನಾಲ್ಕು ಟನ್ ಏರಿದೆ. ಎ.ಸಿ.ಗೆ ಗ್ಯಾಸ್ ತುಂಬಿಸಿದ್ದೇ ಕಾರಣ ಎನ್ನುತ್ತಾರೆ. ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ, ಎರಡೇ ಕೆ.ಜಿ. ಸಾಕು. ಆರ್-410ಎ ಗ್ಯಾಸಿನ ಒಂದು ಕೆ.ಜಿ., ಬಹಳ ಕಡೆ ಬಳಸುವ ಪಟ್ಟಿಯ ಪ್ರಕಾರ, 2,088 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. ಸುಮಾರು 780 ಲೀಟರ್ ಡೀಸೆಲ್ ಸುಟ್ಟಷ್ಟು! ಅದೇ ಪಟ್ಟಿಯಲ್ಲಿ ಆರ್-32 ಗ್ಯಾಸಿಗೆ 675.

ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಬಳಸಿ ಮುಗಿಯುವಂಥದ್ದಲ್ಲ. ತುಂಬಿಸಬೇಕಾಯಿತು ಎಂದರೆ ಎಲ್ಲೋ ಸೋರಿದೆ. ಆ ಜಾಗ ಹುಡುಕದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಪಾಡು. ಮೆಕ್ಯಾನಿಕ್‌ಗೆ ಕೆಲಸವನ್ನು ಈ ಕ್ರಮದಲ್ಲಿ ಹೇಳಿ: ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳುವುದು, ಒಣ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡುವುದು, ಫ್ಲೇರ್ ನಟ್ಟು ಮತ್ತು ಬೆಸುಗೆಗಳಿಗೆ ಸೋಪು ನೀರು ಹಚ್ಚಿ ಗುಳ್ಳೆ ಹುಡುಕುವುದು, ರಿಪೇರಿ, ವ್ಯಾಕ್ಯೂಮ್, ಕೊನೆಗೆ ಪ್ಲೇಟಿನ ಮೇಲೆ ಬರೆದಿರುವ ತೂಕಕ್ಕೆ ಸರಿಯಾಗಿ ತಕ್ಕಡಿಯಲ್ಲಿ ತೂಗಿ ತುಂಬುವುದು. ಬಿಲ್ಲಿನಲ್ಲಿ ‘ಗ್ಯಾಸ್ ಚಾರ್ಜಿಂಗ್’ ಎಂದಷ್ಟೇ ಬರೆಸಿಕೊಳ್ಳಬೇಡಿ. ಯಾವ ಗ್ಯಾಸ್, ಎಷ್ಟು ಎಳೆದದ್ದು, ಎಷ್ಟು ತುಂಬಿದ್ದು ಎಂಬುದೂ ಇರಲಿ. ಸಿಸ್ಟಂ ಪೂರ್ತಿ ತುಂಬಿದ್ದರೆ ತುಂಬಿದ್ದರಲ್ಲಿ ಎಳೆದದ್ದನ್ನು ಕಳೆದು ಉಳಿದದ್ದೇ ಸೋರಿದ ಲೆಕ್ಕ.

ಪ್ರಶ್ನೆ: ಖರ್ಚಿನ ಪುಸ್ತಕದ ಮೊತ್ತಗಳನ್ನು ‘ಹಣಕ್ಕೆ ಇಷ್ಟು ಕೆ.ಜಿ.’ ಎಂಬ ಗುಣಾಂಕದಿಂದ ಗುಣಿಸಿ ಸ್ಕೋಪ್ 3 ಮುಗಿಸಿದ್ದೇವೆ. ಇದು ಸರಿಯೇ?

ಉತ್ತರ: ಮೊದಲ ವರ್ಷಕ್ಕೆ ಸರಿ. ಎಲ್ಲಿ ರಾಶಿ ಬಿದ್ದಿದೆ ಎಂದು ಗೊತ್ತಾಗಲು ಇದಕ್ಕಿಂತ ಬೇಗದ ದಾರಿಯಿಲ್ಲ. ಆದರೆ ಕಡಿತವನ್ನು ಇದರಿಂದ ಅಳೆಯಲಾಗದು. ಬೆಲೆ ಏರಿದರೆ ಹೊಗೆಯೂ ಏರಿದಂತೆ ಕಾಣುತ್ತದೆ. ಕಡಿಮೆ ಮಾಲಿನ್ಯದ ಸರಕಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟಿರೋ, ಲೆಕ್ಕದಲ್ಲಿ ನೀವೇ ಹೆಚ್ಚು ಮಾಲಿನ್ಯ ಮಾಡಿದವರು. ಹಾಗಾಗಿ ಪಟ್ಟಿಯ ತುದಿಯಲ್ಲಿರುವ ನಾಲ್ಕೈದು ಬಾಬುಗಳನ್ನು ಹಣದಿಂದ ಬಿಡಿಸಿ ಕೆ.ಜಿ., ಕಿಲೋಮೀಟರ್, ಸಂಖ್ಯೆಗಳಿಗೆ ತನ್ನಿ. ಬಾಲದಲ್ಲಿರುವ ಪೆನ್ನು, ಕಾಗದ ಹಣದ ಲೆಕ್ಕದಲ್ಲೇ ಇರಲಿ.

ಲ್ಯಾಪ್‌ಟಾಪ್‌ಗೆ ತಯಾರಕರೇ ಮಾದರಿವಾರು ಇಂಗಾಲದ ವರದಿ ಕೊಡುತ್ತಾರೆ, ಸಾಮಾನ್ಯವಾಗಿ ಒಂದಕ್ಕೆ 200ರಿಂದ 300 ಕೆ.ಜಿ. ಅದರಲ್ಲಿ ಹೆಚ್ಚಿನದು ತಯಾರಿಕೆಯದು. ಬಳಕೆಯ ಪಾಲನ್ನು ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳಿ, ಬಳಕೆಯ ಪಾಲು ನಿಮ್ಮ ವಿದ್ಯುತ್ ಬಿಲ್ಲಿನಲ್ಲಿ ಆಗಲೇ ಬಂದಿದೆ. ಲೆಕ್ಕಪರಿಶೋಧಕರಿಗೆ ವಿಚಿತ್ರ ಎನಿಸುವ ನಿಯಮವೊಂದು ಇಲ್ಲಿದೆ: ಸವಕಳಿಯಂತೆ ವರ್ಷಗಳಿಗೆ ಹಂಚುವಂತಿಲ್ಲ, ಕೊಂಡ ವರ್ಷಕ್ಕೇ ಪೂರ್ತಿ ಬರೆಯಬೇಕು. ಎಲ್ಲರಿಗೂ ಒಟ್ಟಿಗೆ ಹೊಸದು ಕೊಡಿಸಿದ ವರ್ಷ ಗ್ರಾಫ್ ಗುಡ್ಡವಾಗುವುದು ಇದರಿಂದಲೇ.

ಪ್ರಶ್ನೆ: ಇಳಿಸುವುದನ್ನು ಎಲ್ಲಿಂದ ಶುರುಮಾಡಬೇಕು? ಸಸಿ ನೆಟ್ಟು ಕಳೆದುಕೊಳ್ಳಬಹುದೇ?

ಉತ್ತರ: ಕಳೆಯುವಂತಿಲ್ಲ. ಸಸಿಯಾಗಲಿ, ಕೊಂಡ ಕಾರ್ಬನ್ ಕ್ರೆಡಿಟ್ (ಬೇರೆಯವರು ಮಾಲಿನ್ಯ ಇಳಿಸಿದ್ದಕ್ಕೆ ಸಿಗುವ ಪತ್ರ) ಆಗಲಿ ಬೇರೆ ಸಾಲಿನಲ್ಲಿ ತೋರಿಸಬೇಕು.

ಕ್ಲೌಡ್‌ನಿಂದ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಪಡೆದ ಸರ್ವರುಗಳಿಂದ ಶುರುಮಾಡಿ, ಬಿಲ್ಲೂ ಜೊತೆಗೇ ಇಳಿಯುತ್ತದೆ. ಪರೀಕ್ಷೆಗೆಂದು ಎಬ್ಬಿಸಿದ ಸರ್ವರುಗಳು ವಾರದ 168 ಗಂಟೆಯೂ ಓಡುತ್ತಿರುತ್ತವೆ. ದಿನಕ್ಕೆ 12 ಗಂಟೆಯಂತೆ ಐದು ದಿನ ಓಡಿಸಿದರೆ 60 ಗಂಟೆ, ಶೇ 64ರಷ್ಟು ಹೊತ್ತು ಉಳಿಯಿತು. ಸರ್ವರ್ ನಿಲ್ಲಿಸಿದರೂ ಅದಕ್ಕೆ ಅಂಟಿದ ಡಿಸ್ಕ್ ಉಳಿದೇ ಇರುತ್ತದೆ, ಬೇಡವಾದವನ್ನು ಬೇರೆಯಾಗಿ ಅಳಿಸಬೇಕು. ಲ್ಯಾಪ್‌ಟಾಪ್‌ಗಳನ್ನು ಮೂರು ವರ್ಷಕ್ಕೆ ಬದಲಿಸದೆ ಬ್ಯಾಟರಿ, ಮೆಮೊರಿ ಹಾಕಿಸಿ ಐದು ವರ್ಷ ಓಡಿಸಿ: 15 ವರ್ಷಕ್ಕೆ ಐದು ಕೊಳ್ಳುವಲ್ಲಿ ಮೂರು ಸಾಕು. ದೂರದ ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಸೀಟಿನ ಲೆಕ್ಕ ಎಕಾನಮಿಯ ಸುಮಾರು ಮೂರು ಪಟ್ಟು, ಏಕೆಂದರೆ ಅದು ಹಿಡಿಯುವ ಜಾಗವೇ ಹೆಚ್ಚು. ಜನರೇಟರ್ ಲೀಟರಿಗೆ ಮೂರು, ಮೂರೂವರೆ ಯೂನಿಟ್ ಕೊಡುತ್ತದೆ. ಹೊರೆ ತೀರ ಕಡಿಮೆಯಿದ್ದಾಗ ಅಷ್ಟೂ ಬರುವುದಿಲ್ಲ, ಬರೀ ದೀಪ, ರೂಟರ್‌ಗಾಗಿ ದೊಡ್ಡ ಜನರೇಟರ್ ಓಡಿಸುವುದಕ್ಕಿಂತ ಬ್ಯಾಟರಿ ಇನ್ವರ್ಟರ್ ವಾಸಿ.

ಪ್ರಶ್ನೆ: ಎರಡು ವರ್ಷದಲ್ಲಿ ಸಿಬ್ಬಂದಿ ಎರಡು ಪಟ್ಟಾಗಿದ್ದಾರೆ. ಎಷ್ಟು ಉಳಿಸಿದರೂ ಒಟ್ಟು ಏರುತ್ತಲೇ ಇದೆ. ಹೇಗೆ ತೋರಿಸುವುದು?

ಉತ್ತರ: ಎರಡನ್ನೂ ತೋರಿಸಿ: ಒಟ್ಟು ಟನ್ ಒಂದು ಸಾಲು, ತಲಾ ಟನ್ ಇನ್ನೊಂದು. 60 ಟನ್ನಿಗೆ 28 ಜನ ಇದ್ದಾಗ ತಲಾ 2.1, ಈಗ 90 ಟನ್ನಿಗೆ 56 ಜನ ಎಂದರೆ 1.6. ತಲೆ ಎಣಿಸುವಾಗ ವರ್ಷದ ಸರಾಸರಿ ಹಿಡಿಯಿರಿ. ಕೊನೆಯ ದಿನದ ಸಂಖ್ಯೆ ಹಿಡಿದರೆ ನಿನ್ನೆ ಸೇರಿದವರೂ ಇಡೀ ವರ್ಷದ ಹೊಗೆ ಹಂಚಿಕೊಂಡಂತಾಗಿ ಅಂಕಿ ಸುಳ್ಳೇ ಚೆಂದ ಕಾಣುತ್ತದೆ.

ಆಧಾರ ವರ್ಷದ, ಅಂದರೆ ಮುಂದಿನ ವರ್ಷಗಳನ್ನು ಹೋಲಿಸಲು ಹಿಡಿದ ವರ್ಷದ ಅಂಕಿಯನ್ನು ಕಂಪನಿ ಬೆಳೆಯಿತು ಎಂಬ ಕಾರಣಕ್ಕೆ ತಿದ್ದುವಂತಿಲ್ಲ. ಇನ್ನೊಂದು ಕಂಪನಿಯನ್ನು ಕೊಂಡಾಗ, ಲೆಕ್ಕದ ವಿಧಾನ ಬದಲಾದಾಗ, ದೊಡ್ಡ ತಪ್ಪು ಸಿಕ್ಕಾಗ ತಿದ್ದಬೇಕು. ಎಷ್ಟು ವ್ಯತ್ಯಾಸವಾದರೆ ತಿದ್ದುತ್ತೇವೆ ಎಂಬ ಮಿತಿಯನ್ನು ಮೊದಲೇ ಬರೆದಿಡಿ, ಶೇ 5 ರೂಢಿಯಲ್ಲಿದೆ. ತಿದ್ದುವಾಗ ಹಳೆಯ ಹಾಳೆಯ ಮೇಲೇ ಬರೆಯದೆ ಪ್ರತಿ ಮಾಡಿ, ತಾರೀಖು ಹಾಕಿ, ಏಕೆ ತಿದ್ದಿದ್ದು ಎಂದು ಒಂದು ಸಾಲು ಸೇರಿಸಿ.