ವಾಹನ ಪ್ರಶ್ನೋತ್ತರ: ವಾರಕ್ಕೊಮ್ಮೆ ತಪ್ಪುವ ಟೈಮಿಂಗ್

ಪ್ರಶ್ನೆ: ನಮ್ಮ ತಂದೆಯವರು 1970ರ ದಶಕದಲ್ಲಿ ಕೊಂಡಿದ್ದ ಯೆಜ್ಡಿ 250 ಗಾಡಿಗೆ ಮಣ್ಣುದಾರಿಯ ಟಯರು ಹಾಕಿಸಿ, ಕೈವಾರದ ಬೆಟ್ಟದ ಸುತ್ತಮುತ್ತ ಓಡಿಸುತ್ತಿದ್ದೇನೆ. ಮೆಕ್ಯಾನಿಕ್ ಎಂಜಿನ್ ಸದ್ದು ಕೇಳಿಕೊಂಡೇ ಟೈಮಿಂಗ್ ಕೂರಿಸುತ್ತಾರೆ. ಕೂರಿಸಿದ ದಿನ ಕಿಕ್ಕರ್ ಕಾಲಿಗೆ ವಾಪಸ್ ಹೊಡೆಯುತ್ತದೆ. ವಾರ ಕಳೆಯುವಷ್ಟರಲ್ಲಿ ಪಿಕಪ್ ಹೋಗಿ, ಏರಿನಲ್ಲಿ ಎಂಜಿನ್ ಕಾದು ಸೊರಗುತ್ತದೆ. ದೋಷ ಎಲ್ಲಿದೆ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಟೈಮಿಂಗ್ ಎಂದರೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಕ್ಷಣ. ನೀವು ಹೇಳಿರುವ ಎರಡು ಲಕ್ಷಣಗಳು ಒಂದಕ್ಕೊಂದು ವಿರುದ್ಧವಾದವು. ಕಿಕ್ಕರ್ ವಾಪಸ್ ಹೊಡೆಯುವುದು ಕಿಡಿ ಬೇಗ ಹಾರುತ್ತಿರುವುದರ ಗುರುತು. ಪಿಕಪ್ ಇಲ್ಲದೆ ಎಂಜಿನ್ ಕಾಯುವುದು ಸಾಮಾನ್ಯವಾಗಿ ಕಿಡಿ ತಡವಾಗುತ್ತಿರುವುದರ ಗುರುತು. ಅಂದರೆ ಮೊದಲ ದಿನ ಅಗತ್ಯಕ್ಕಿಂತ ಮುಂದಿರುವ ಟೈಮಿಂಗ್ ದಿನೇ ದಿನೇ ಹಿಂದಕ್ಕೆ ಜಾರುತ್ತಿದೆ. ಹೀಗೆ ಜಾರುವುದಕ್ಕೆ ನನ್ನ ಮೊದಲ ಅನುಮಾನ ಸಿ.ಬಿ. ಪಾಯಿಂಟಿನ (ಕಿಡಿಗಾಗಿ ಕರೆಂಟನ್ನು ಕಡಿಯುವ ಕಾಂಟ್ಯಾಕ್ಟ್ ಬ್ರೇಕರ್) ಮೇಲೆ, ಎರಡನೆಯದು ಕ್ರ್ಯಾಂಕಿನ (ಪಿಸ್ಟನ್ನಿನ ಓಟವನ್ನು ತಿರುಗುವಿಕೆಯಾಗಿಸುವ ದಂಡ) ಬೇರಿಂಗ್ ಮೇಲೆ.

ಬಲಗಡೆಯ ಕವರ್ ಬಿಚ್ಚಿ ನೋಡಿ. ಡೈನಮೋದ ತುದಿಯಲ್ಲಿ ತಿರುಗುವ ಕ್ಯಾಮ್ (ಒಂದು ಕಡೆ ಉಬ್ಬಿದ ತುಂಡು), ಪಾಯಿಂಟಿನ ಫೈಬರ್ ಹಿಮ್ಮಡಿಯನ್ನು ತಳ್ಳಿ ಪಾಯಿಂಟ್ ತೆರೆಯುತ್ತದೆ. ತೆರೆದ ಆ ಕ್ಷಣದಲ್ಲಿಯೇ ಕಾಯಿಲಿನಿಂದ ಪ್ಲಗ್ಗಿಗೆ ಕಿಡಿ ಹೋಗುತ್ತದೆ. ಕ್ಯಾಮ್‌ಗೆ ತಾಗುವ ಫೆಲ್ಟ್ ತುಂಡು ಒಣಗಿದ್ದರೆ ಫೈಬರ್ ಬೇಗ ಸವೆಯುತ್ತದೆ, ಸವೆದಷ್ಟೂ ಪಾಯಿಂಟಿನ ಗ್ಯಾಪ್ ಕಿರಿದಾಗುತ್ತದೆ, ಗ್ಯಾಪ್ ಕಿರಿದಾದಷ್ಟೂ ಪಾಯಿಂಟ್ ತಡವಾಗಿ ತೆರೆಯುತ್ತದೆ. ಹೊಸ ಪಾಯಿಂಟ್ ಹಾಕಿದ ಮೊದಲ ದಿನಗಳಲ್ಲಿ ಈ ಸವೆತ ಇನ್ನೂ ಜೋರು. ಫೆಲ್ಟಿಗೆ ಹೆಚ್ಚು ಶಾಖ ತಡೆಯುವ ಗ್ರೀಸನ್ನು ಬೆಂಕಿಕಡ್ಡಿಯ ತಲೆಯಷ್ಟು ಮಾತ್ರ ಸವರಿ. ಹೆಚ್ಚಾದರೆ ಅದು ಸಿಡಿದು ಪಾಯಿಂಟಿನ ಮೇಲೆ ಕೂತು ಸುಟ್ಟು ಕರಿಯಾಗುತ್ತದೆ.

ಬೇರಿಂಗ್ ಪರೀಕ್ಷೆಗೆ ಉಪಕರಣವೇ ಬೇಡ. ಡೈನಮೋದ ತಿರುಗುವ ಭಾಗವಾದ ರೋಟರನ್ನು ಬೆರಳುಗಳಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿ. ಕೈಗೆ ತಿಳಿಯುವಷ್ಟು ಆಟವಿದ್ದರೆ ಕ್ಯಾಮ್ ಕೂಡ ಅಷ್ಟೇ ಓಲಾಡುತ್ತದೆ. ಕೈಯಲ್ಲಿ ತಿರುಗಿಸುವಾಗ ಒಂದು ಗ್ಯಾಪ್, ಓಡುವಾಗ ಇನ್ನೊಂದು ಗ್ಯಾಪ್ ಆಗುತ್ತದೆ. ಅಂಥ ಎಂಜಿನ್ನಿಗೆ ಟೈಮಿಂಗ್ ಕೂರಿಸುವುದು ವ್ಯರ್ಥ. ಮೊದಲು ಬೇರಿಂಗ್ ಬದಲಿಸಿ, ಅದರೊಂದಿಗೇ ಆಯಿಲ್ ಸೀಲನ್ನೂ ಬದಲಿಸಿ. ಸವೆದ ಸೀಲಿನಿಂದ ಗಾಳಿ ಒಳನುಗ್ಗಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಕಾಯುತ್ತದೆ, ನಾವು ಟೈಮಿಂಗನ್ನು ಬೈಯುತ್ತಾ ಕೂರುತ್ತೇವೆ.

ಇವೆರಡೂ ಸರಿಯಿದ್ದ ಮೇಲೆ ಕೆಲಸದ ಕ್ರಮ ಹೀಗಿರಲಿ. ಪಾಯಿಂಟಿನ ಮುಖಗಳನ್ನು ನುಣುಪಾದ ಅರದಿಂದ ತೀಡಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಎಂಜಿನ್ನನ್ನು ನಿಧಾನವಾಗಿ ತಿರುಗಿಸಿ ಪಾಯಿಂಟ್ ಅತಿ ಹೆಚ್ಚು ತೆರೆಯುವ ಜಾಗಕ್ಕೆ ತಂದು, ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿ) ಗ್ಯಾಪನ್ನು 0.4 ಮಿ.ಮೀ.ಗೆ ಕೂರಿಸಿ. ಟೈಮಿಂಗ್ ಕೂರಿಸಿದ ನಂತರ ಗ್ಯಾಪನ್ನು ಮುಟ್ಟಬಾರದು, ಮುಟ್ಟಿದರೆ ಮೊದಲಿನಿಂದ ಶುರು ಮಾಡಬೇಕು. ಎಷ್ಟೋ ಗ್ಯಾರೇಜುಗಳಲ್ಲಿ ಈ ಕ್ರಮವೇ ತಿರುವುಮುರುವಾಗಿರುತ್ತದೆ.

ಅನಂತರ ಪ್ಲಗ್ ಬಿಚ್ಚಿ ಅದರ ರಂಧ್ರಕ್ಕೆ ಡಯಲ್ ಗೇಜ್ (ಪಿಸ್ಟನ್ ಸರಿದ ದೂರವನ್ನು ಮುಳ್ಳಿನಿಂದ ತೋರಿಸುವ ಮಾಪಕ) ಕೂರಿಸಿ. ರಂಧ್ರ ಸಿಲಿಂಡರಿಗೆ ನೇರವಾಗಿರದೆ ಓರೆಯಾಗಿದ್ದರೆ ಗೇಜಿನ ಲೆಕ್ಕ ತಪ್ಪುತ್ತದೆ, ಆಗ ಹೆಡ್ ಬಿಚ್ಚಿ ಅಳೆಯುವುದೇ ಲೇಸು. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಟಾಪ್ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ತಿರುಗಿಸಿದರೆ ಎಂಜಿನ್ ತಿರುಗುತ್ತದೆ. ಮುಳ್ಳು ಏರುತ್ತಾ ಬಂದು, ಕ್ಷಣ ನಿಂತು, ಹಿಂದಿರುಗುವ ಜಾಗವೇ ಪಿಸ್ಟನ್ನಿನ ಮೇಲ್ತುದಿ. ಡಯಲನ್ನು ಅಲ್ಲಿ ಸೊನ್ನೆಗೆ ತನ್ನಿ. ಈಗ ಎಂಜಿನ್ನನ್ನು ಹಿಂದಕ್ಕೆ, ಬೇಕಾದುದಕ್ಕಿಂತ ಇನ್ನೂ ತುಸು ಹೆಚ್ಚೇ ತಿರುಗಿಸಿ, ಆಮೇಲೆ ಮುಂದಕ್ಕೆ ತರುತ್ತಾ, ಕಿಡಿ ಹಾರಬೇಕಾದ ಗುರುತಿನ ಮೇಲೆ ನಿಲ್ಲಿಸಿ. ಹೀಗೆ ಮಾಡದಿದ್ದರೆ ಚೈನಿನ ಸಡಿಲವೂ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಈ ಎಂಜಿನ್ನಿಗೆ ಗುರುತು ಮೇಲ್ತುದಿಗಿಂತ ಸುಮಾರು 3 ಮಿ.ಮೀ. ಕೆಳಗಿರುತ್ತದೆ; ನಿಮ್ಮ ಮಾದರಿಯ ಕೈಪಿಡಿಯಲ್ಲಿ ಅಚ್ಚಾಗಿರುವ ಅಂಕಿಯೇ ಅಂತಿಮ.

ಪಾಯಿಂಟ್ ಯಾವಾಗ ತೆರೆಯಿತೆಂದು ಕಣ್ಣಿನಿಂದ ನಿರ್ಧರಿಸಬೇಡಿ. 6 ವೋಲ್ಟಿನ ಸಣ್ಣ ಬಲ್ಬಿನ ಒಂದು ತಂತಿಯನ್ನು ಪಾಯಿಂಟಿನ ಟರ್ಮಿನಲ್ಲಿಗೂ ಇನ್ನೊಂದನ್ನು ಎಂಜಿನ್ ಬಾಡಿಗೂ ಸೇರಿಸಿ, ಕೀಲಿ ಆನ್ ಮಾಡಿ. ಪಾಯಿಂಟ್ ಮುಚ್ಚಿರುವಾಗ ಆರಿರುವ ಬಲ್ಬು, ತೆರೆದೊಡನೆ ಹೊತ್ತಿಕೊಳ್ಳುತ್ತದೆ. ಪಾಯಿಂಟ್ ಕೂತಿರುವ ಪ್ಲೇಟಿನ ಸ್ಕ್ರೂಗಳನ್ನು ಸಡಿಲಿಸಿ, ಕ್ರ್ಯಾಂಕ್ ತಿರುಗುವ ದಿಕ್ಕಿಗೆ ಎದುರಾಗಿ ಸರಿಸಿದರೆ ಟೈಮಿಂಗ್ ಮುಂದಾಗುತ್ತದೆ, ಅದೇ ದಿಕ್ಕಿಗೆ ಸರಿಸಿದರೆ ಹಿಂದಾಗುತ್ತದೆ. ಗುರುತಿಗೆ ಬರುವಾಗಲೇ ಬಲ್ಬು ಹೊತ್ತುವಂತೆ ಮಾಡಿ ಸ್ಕ್ರೂ ಬಿಗಿಯಿರಿ. ಬಿಗಿಯುವಾಗ ಪ್ಲೇಟ್ ಕದಲುವುದುಂಟು, ಆದ್ದರಿಂದ ಮತ್ತೊಮ್ಮೆ ತಿರುಗಿಸಿ ನೋಡಲೇಬೇಕು.

ಇಷ್ಟೊಂದು ನಿಖರತೆ ಏಕೆಂದು ನಿಮ್ಮ ಮೆಕ್ಯಾನಿಕ್ ಕೇಳಬಹುದು. ಈ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಕೆಳತುದಿಯಿಂದ ಮೇಲ್ತುದಿಗೆ ಸರಿಯುವ ದೂರ, 75 ಮಿ.ಮೀ.; ಅದರಲ್ಲಿ 3 ಮಿ.ಮೀ. ಎಂದರೆ ಕ್ರ್ಯಾಂಕಿನ ಸುಮಾರು 21 ಡಿಗ್ರಿ. ನಿಮಿಷಕ್ಕೆ 4000 ಸುತ್ತಿನಲ್ಲಿ ಅಷ್ಟು ತಿರುಗಲು ಸೆಕೆಂಡಿನ ಸಾವಿರದ ಒಂದು ಭಾಗವೂ ಹಿಡಿಯುವುದಿಲ್ಲ. ಮೇಲ್ತುದಿಯ ಹತ್ತಿರ ಪಿಸ್ಟನ್ ಬಲು ನಿಧಾನವಾಗಿ ಚಲಿಸುವುದರಿಂದ, ಅಳತೆಯನ್ನು ಅರ್ಧಕ್ಕೆ, ಅಂದರೆ 1.5 ಮಿ.ಮೀ.ಗೆ ಇಳಿಸಿದರೂ ಡಿಗ್ರಿ ಅರ್ಧವಾಗದೆ 14ರಿಂದ 15ರ ನಡುವೆ ನಿಲ್ಲುತ್ತದೆ. ಇಂಥ ವ್ಯತ್ಯಾಸವನ್ನು ಐಡ್ಲಿಂಗ್ ಸದ್ದಿನಲ್ಲಿ ಹಿಡಿಯಲು ಯಾವ ಕಿವಿಗೂ ಆಗದು. ಟೈಮಿಂಗ್ ಮುಂದಿದ್ದಷ್ಟೂ ಐಡ್ಲಿಂಗ್ ಚುರುಕಾಗಿ ಕೇಳಿಸುವುದರಿಂದ, ಕಿವಿಯನ್ನು ನಂಬಿದವರು ಹೆಚ್ಚಾಗಿ ಮುಂದಕ್ಕೇ ಕೂರಿಸಿಬಿಡುತ್ತಾರೆ. ಏರಿನಲ್ಲಿ ಭಾರ ಬಿದ್ದಾಗ ಅದೇ ಟೈಮಿಂಗ್ ಎಂಜಿನ್ನನ್ನು ನಾಕ್ ಹೊಡೆಸಿ (ಒಳಗೆ ಮಿಶ್ರಣ ತಾನಾಗಿ ಸಿಡಿದು ಬಡಿಯುವುದು), ಕೊನೆಗೆ ಪಿಸ್ಟನ್ನಿನ ತಲೆಗೆ ತೂತು ಮಾಡುತ್ತದೆ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಬೂದುಬಣ್ಣದ ಸಣ್ಣ ಲೋಹದ ಚುಕ್ಕೆಗಳು ಕಂಡರೆ ಅವು ಪಿಸ್ಟನ್ನಿನಿಂದ ಕರಗಿ ಬಂದ ಅಲ್ಯುಮಿನಿಯಂ; ಆಗ ಗಾಡಿ ಓಡಿಸುವುದನ್ನು ತಕ್ಷಣ ನಿಲ್ಲಿಸಿ.

ಪ್ರಶ್ನೆ: ಪಾಯಿಂಟಿನ ಕಾಟವೇ ಬೇಡವೆಂದು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಬಹುದೇ?
– ತುಮಕೂರಿನಿಂದ

ಉತ್ತರ: ಹಾಕಿಸಬಹುದು. ಸವೆಯುವ ಫೈಬರ್ ಇರದ ಕಾರಣ ಒಮ್ಮೆ ಕೂರಿಸಿದ ಟೈಮಿಂಗ್ ಹೆಚ್ಚು ಕಾಲ ನಿಲ್ಲುತ್ತದೆ. ಆದರೆ ಕಿಟ್ ತಾನಾಗಿಯೇ ಟೈಮಿಂಗ್ ಕೂರಿಸಿಕೊಳ್ಳುವುದಿಲ್ಲ. ರೋಟರಿನ ಮೇಲೆ ಗುರುತು ಹಾಕಿ, ಎಂಜಿನ್ ಓಡುತ್ತಿರುವಾಗ ಟೈಮಿಂಗ್ ಲೈಟ್ ಬಿಟ್ಟು ನೋಡಬೇಕು. ಬೇರಿಂಗಿನ ಆಟಕ್ಕೆ ಇದು ಮದ್ದಲ್ಲ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿಯೇ ಮುಚ್ಚಿರುವುದರಿಂದ, ಹಳೆಯ ಪಾಯಿಂಟ್ ಪ್ಲೇಟನ್ನು ಗುಜರಿಗೆ ಹಾಕದೆ ಎತ್ತಿಡಿ.

ಪ್ರಶ್ನೆ: ಎಥೆನಾಲ್ ಬೆರೆತ ಪೆಟ್ರೋಲಿಗಾಗಿ ಹಳೆಯ ಟೂ-ಸ್ಟ್ರೋಕ್ ಗಾಡಿಯ ಟೈಮಿಂಗ್ ಬದಲಿಸಬೇಕೇ?
– ಕೋಲಾರದಿಂದ

ಉತ್ತರ: ಬೇಡ. ಎಥೆನಾಲ್ ನಾಕ್ ಆಗುವುದನ್ನು ತಡೆಯುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ತೊಂದರೆಯಿರುವುದು ಕಾರ್ಬುರೇಟರಿನಲ್ಲಿ: ಎಥೆನಾಲ್ ಉರಿಯಲು ಕಡಿಮೆ ಗಾಳಿ ಸಾಕಾದ್ದರಿಂದ, ಹಳೆಯ ಜೆಟ್ಟಿನಲ್ಲಿ (ಪೆಟ್ರೋಲ್ ಹರಿಯುವ ಸಣ್ಣ ರಂಧ್ರದ ತುಂಡು) ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿಸಿ, ಪ್ಲಗ್ಗಿನ ಬಣ್ಣ ನೋಡಿಕೊಳ್ಳಿ. ಹಳೆಯ ರಬ್ಬರ್ ಪೈಪನ್ನು ಬದಲಿಸಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರಿನ ಬಟ್ಟಲನ್ನೂ ಖಾಲಿ ಮಾಡಿಡಿ, ಏಕೆಂದರೆ ಎಥೆನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ.