ಅಮೆರಿಕದ ಷೇರಿನ ಡಿವಿಡೆಂಡ್: ರಿಟರ್ನ್ಸ್‌ನಲ್ಲಿ ಎಲ್ಲಿ, ಹೇಗೆ?

ಪ್ರಶ್ನೆ: ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಕೆಲಸ. ನೌಕರರ ಷೇರು ಯೋಜನೆಯಡಿ ಅಮೆರಿಕದ ಮಾತೃ ಕಂಪನಿ ಕೊಟ್ಟ ಷೇರುಗಳು ಅಲ್ಲಿನ ಬ್ರೋಕರ್ ಖಾತೆಯಲ್ಲಿವೆ. ಮೂರು ತಿಂಗಳಿಗೊಮ್ಮೆ ಡಿವಿಡೆಂಡ್ ಬರುತ್ತದೆ, ಶೇ 25ರಷ್ಟು ತೆರಿಗೆ ಅಲ್ಲೇ ಕಡಿತವಾಗುತ್ತದೆ. ಹಣ ಇಲ್ಲಿಗೆ ತರಿಸಿಕೊಂಡಿಲ್ಲ. ಆದರೂ ತೋರಿಸಬೇಕೆ?
– ಓದುಗರು, ಬೆಂಗಳೂರು

ಉತ್ತರ: ತೋರಿಸಲೇಬೇಕು. ನೀವು ಭಾರತದ ಸಾಮಾನ್ಯ ನಿವಾಸಿಯಾಗಿದ್ದರೆ ಹಣ ಯಾವ ದೇಶದಲ್ಲಿದ್ದರೂ ಇಲ್ಲಿ ತೆರಿಗೆ ಉಂಟು. ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ತುಂಬಿ.

ಬಹಳಷ್ಟು ಜನ ಎಡವುವುದು ಮೊತ್ತದಲ್ಲಿ. 100 ಡಾಲರ್ ಡಿವಿಡೆಂಡ್‌ನಲ್ಲಿ ಖಾತೆಗೆ 75 ಬಿದ್ದಿದ್ದರೂ ನಿಮ್ಮ ಆದಾಯ 100 ಡಾಲರೇ. ಅದನ್ನು ‘ಇತರ ಮೂಲಗಳ ಆದಾಯ’ದಲ್ಲಿ ಪೂರ್ತಿ ಬರೆದು, ಉಳಿದ 25ನ್ನು ತೆರಿಗೆ ಕ್ರೆಡಿಟ್ ಆಗಿ, ಅಂದರೆ ಇಲ್ಲಿನ ತೆರಿಗೆಯಲ್ಲಿ ಕಳೆಯುವಂತೆ, ಕೇಳಬೇಕು. ರೂಪಾಯಿಗೆ ಪರಿವರ್ತಿಸಲು ಹಿಂದಿನ ತಿಂಗಳ ಕೊನೆಯ ದಿನದ ಎಸ್‌ಬಿಐ ಟಿಟಿ ಖರೀದಿ ದರ (ಬ್ಯಾಂಕ್ ಡಾಲರ್ ಕೊಳ್ಳುವ ದರ) ಬಳಸಿ. ಜೂನ್ 12ಕ್ಕೆ ಬಂದದ್ದಕ್ಕೆ ಮೇ 31ರ ದರ.

ದರ 85 ರೂ. ಎಂದುಕೊಳ್ಳಿ. ಆದಾಯ 8,500 ರೂ., ಅಲ್ಲಿ ಕಟ್ಟಿದ್ದು 2,125. ನೀವು ಶೇ 30ರ ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ ಇಲ್ಲಿನ ತೆರಿಗೆ 2,652. ಬಾಕಿ 527 ಕಟ್ಟಿದರೆ ಸಾಕು. ಶೇ 20ರ ಸ್ಲ್ಯಾಬ್ ಆದರೆ ಇಲ್ಲಿನ ತೆರಿಗೆ 1,768 ಮಾತ್ರ, ಕ್ರೆಡಿಟ್ಟೂ ಅಷ್ಟಕ್ಕೇ ಸಿಗುತ್ತದೆ. ಮಿಕ್ಕ 357 ವಾಪಸ್ ಬರುವುದಿಲ್ಲ.

ಕಡಿತ ಶೇ 30 ಆಗಿದ್ದರೆ ನೀವು ಅಮೆರಿಕದವರಲ್ಲ ಎಂದು ಬ್ರೋಕರ್‌ಗೆ ಬರೆದುಕೊಡುವ ಡಬ್ಲ್ಯೂ-8ಬೆನ್ ಫಾರ್ಮ್‌ನ ಅವಧಿ ಮುಗಿದಿರಬಹುದು. ಸಹಿ ಮಾಡಿದ ವರ್ಷದ ನಂತರದ ಮೂರನೇ ವರ್ಷದ ಡಿಸೆಂಬರ್‌ವರೆಗೆ ಮಾತ್ರ ಅದು ಚಾಲ್ತಿ. ಭಾರತ–ಅಮೆರಿಕ ತೆರಿಗೆ ಒಪ್ಪಂದದ ಶೇ 25ಕ್ಕಿಂತ ಹೆಚ್ಚು ಹೋದದ್ದಕ್ಕೆ ಭಾರತದಲ್ಲಿ ಕ್ರೆಡಿಟ್ ಇಲ್ಲ.

ಕ್ರೆಡಿಟ್ ಬೇಕೆಂದರೆ ರಿಟರ್ನ್ಸ್‌ನಲ್ಲಿ ಶೆಡ್ಯೂಲ್ ಎಫ್‌ಎಸ್‌ಐ (ವಿದೇಶಿ ಆದಾಯ), ಶೆಡ್ಯೂಲ್ ಟಿಆರ್ (ವಿದೇಶದಲ್ಲಿ ಕಟ್ಟಿದ ತೆರಿಗೆ) ತುಂಬಿ, ಕ್ರೆಡಿಟ್ ಕೇಳುವ ಫಾರ್ಮ್ 67 ಸಲ್ಲಿಸಬೇಕು. 2025-26ರ ಆದಾಯಕ್ಕೆ ಫಾರ್ಮ್ 67 ಸಲ್ಲಿಸಲು 2027ರ ಮಾರ್ಚ್ 31ರವರೆಗೆ ಅವಕಾಶವಿದೆ. ಆದರೂ ರಿಟರ್ನ್ಸ್‌ಗೆ ಮೊದಲೇ ಸಲ್ಲಿಸಿಬಿಡಿ. ಪುರಾವೆಗೆ ಬ್ರೋಕರ್ ಕೊಡುವ, ಕಡಿತದ ವಿವರವಿರುವ 1042-ಎಸ್ ಫಾರ್ಮ್ ಇರಲಿ. ಅದು ಕ್ಯಾಲೆಂಡರ್ ವರ್ಷದ್ದಾದ್ದರಿಂದ ಜನವರಿ–ಮಾರ್ಚ್‌ನ ಕಂತಿಗೆ ಬ್ರೋಕರ್ ಸ್ಟೇಟ್‌ಮೆಂಟನ್ನೂ ಇಳಿಸಿಕೊಳ್ಳಿ.

ಇದೇ ವರ್ಷದ ಗೊಂದಲ ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎಯಲ್ಲೂ ಕಾಡುತ್ತದೆ. 2025-26ರ ರಿಟರ್ನ್ಸ್‌ನಲ್ಲಿ ಆದಾಯ ಏಪ್ರಿಲ್ 2025ರಿಂದ ಮಾರ್ಚ್ 2026ರದ್ದು. ಎಫ್‌ಎಯಲ್ಲಿ ಷೇರು, ಡಿವಿಡೆಂಡ್ ಎರಡೂ ಜನವರಿಯಿಂದ ಡಿಸೆಂಬರ್ 2025ರದ್ದು. ಎರಡು ಮೊತ್ತ ಹೊಂದದಿದ್ದರೆ ಗಾಬರಿ ಬೇಡ, ಹೊಂದಿಸಲೂ ಹೋಗಬೇಡಿ. ಷೇರಿನ ವಿವರ ಎ3 ಕೋಷ್ಟಕದಲ್ಲಿ, ಬ್ರೋಕರ್ ಖಾತೆಯದ್ದು ಎ2ರಲ್ಲಿ. ಬಿಟ್ಟರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂ. ದಂಡದವರೆಗೂ ಹೋಗಬಹುದು. ಸ್ಥಿರಾಸ್ತಿ ಬಿಟ್ಟು ವಿದೇಶಿ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ಮೀರದವರಿಗೆ 2024ರ ಅಕ್ಟೋಬರ್‌ನಿಂದ ಈ ದಂಡವಿಲ್ಲ. ಹಾಗೆಂದು ಖಾಲಿ ಬಿಡಬೇಡಿ, ತುಂಬುವ ಹೊಣೆ ಅವರಿಗೂ ಇದೆ.

ಪ್ರಶ್ನೆ: ನನ್ನ ಡಿವಿಡೆಂಡ್ ಹಣದಲ್ಲಿ ಬ್ರೋಕರ್ ತಾನಾಗಿಯೇ ಮತ್ತೆ ಷೇರು ಕೊಳ್ಳುತ್ತಾರೆ. ಕೈಗೇನೂ ಸಿಗದಿದ್ದರೂ ತೆರಿಗೆಯೇ?
– ಓದುಗರು, ಮೈಸೂರು

ಉತ್ತರ: ಹೌದು, ಲೆಕ್ಕ ಮೇಲಿನಂತೆಯೇ. ಆದರೆ 0.318 ಷೇರು ಬಂದಿದ್ದರೂ ಅದು ಹೊಸ ಖರೀದಿ. ಕೊಂಡ ದಿನ, ಬೆಲೆ ಬರೆದಿಡಿ. ಎ3ರಲ್ಲಿ ಬೇರೆ ಸಾಲು ಹಾಕಿ. ದೀರ್ಘಾವಧಿ ಲಾಭಕ್ಕೆ ಬೇಕಾದ 24 ತಿಂಗಳ ಲೆಕ್ಕ ಆ ತುಣುಕಿಗೆ ಅಂದಿನಿಂದಲೇ ಶುರುವಾಗುತ್ತದೆ.